ಮಳೆ ನಿಂತ ಮೇಲೆ ಬಂದ ನೀರು: ಯಲಹಂಕ ಕಡೆಯ ಒಂದು ಬೀದಿಯ ಪ್ರಕರಣ

2021ರ ನವೆಂಬರ್ 21, ಭಾನುವಾರ. ಸಂಜೆಯಿಂದ ಒಂದೇ ಸಮ ಸುರಿದ ಮಳೆ ನಮ್ಮ ಬೀದಿಯಲ್ಲಿ ರಾತ್ರಿ ಒಂದು ಗಂಟೆ ಹೊತ್ತಿಗೆ ನಿಂತಿತು. ಬಾಗಿಲಿಗೆ ಮರಳು ಚೀಲ ಅಡ್ಡ ಇಟ್ಟಿದ್ದೆವು. ಅಂಗಳ ನೆಂದಿತ್ತು ಅಷ್ಟೇ, ಮನೆಯೊಳಗೆ ಒಂದು ಹನಿ ಇರಲಿಲ್ಲ. "ಸದ್ಯ, ಬಚಾವ್" ಅಂದುಕೊಂಡು ಎಲ್ಲರೂ ಮಲಗಿದೆವು. ನೀರು ಬಂದಿದ್ದು ಎರಡೂವರೆಗೆ.

ನಾನು ಬರೆಯುತ್ತಿರುವುದು ಆ ಒಂದೂವರೆ ಗಂಟೆಯ ಬಗ್ಗೆ. ಆ ಹೊತ್ತಿನಲ್ಲಿ ನಾವು ಎದ್ದಿದ್ದರೆ ಏನೇನು ಉಳಿಸಬಹುದಿತ್ತು, ಮುಂದಿನ ಮೂರು ವರ್ಷದಲ್ಲಿ ಆ ಸಮಯವನ್ನು ಬಳಸಿಕೊಳ್ಳೋದನ್ನ ಹೇಗೆ ಕಲಿತೆವು, 2024ರಲ್ಲಿ ಯಾರನ್ನು ಮರೆತೆವು ಅನ್ನುವುದರ ಬಗ್ಗೆ. ಬೀದಿಯ ಹೆಸರು ಬೇಡ ಅಂತ ಕೆಲವು ಮನೆಯವರು ಕೇಳಿಕೊಂಡಿದ್ದಾರೆ, ಹಾಗಾಗಿ ಬರೆಯುತ್ತಿಲ್ಲ.

ನೀರಿನ ದಾರಿಯಲ್ಲಿರುವ ಬೀದಿ

ಬೆಂಗಳೂರಿನ ಉತ್ತರಕ್ಕಿರುವ ಯಲಹಂಕದಿಂದ ಜಕ್ಕೂರು ಕಡೆಗೆ ನೆಲ ನಿಧಾನವಾಗಿ ಇಳಿಯುತ್ತದೆ. ಆ ಇಳಿಜಾರಿನಲ್ಲಿ ಮಳೆನೀರಿನ ದೊಡ್ಡ ಕಾಲುವೆ, ಅಂದರೆ ರಾಜಕಾಲುವೆ, ಹೋಗುತ್ತದೆ. ಅದರ ಪಕ್ಕದ ಬೀದಿ ನಮ್ಮದು. ಎಲ್ಲ 30×40 ಸೈಟುಗಳು. ಕೆಳಗೆ ಒಂದು ಮನೆ, ಮೇಲೆ ಒಂದೋ ಎರಡೋ ಬಾಡಿಗೆ ಮನೆ. ಬೀದಿಯ ಕೊನೆಯಲ್ಲಿ ಒಂದು ಮೋರಿ. ಮೋರಿಯ ಆಚೆ ಖಾಲಿ ಜಾಗ. ಅಲ್ಲಿ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳು. ಈ ಶೆಡ್ಡುಗಳನ್ನು ನೆನಪಿಟ್ಟುಕೊಳ್ಳಿ.

ಬೆಂಗಳೂರಲ್ಲಿ ದೊಡ್ಡ ಹೊಳೆ ಇಲ್ಲ. ಊರು ಕೂತಿರುವುದು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ದಿಣ್ಣೆ ಮೇಲೆ. ಅಲ್ಲಿಂದ ನೀರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಅಂತ ಮೂರು ಮುಖ್ಯ ಕಣಿವೆಗಳಿಗೆ ಇಳಿಯುತ್ತದೆ. ಹಿಂದಿನವರು ಈ ಇಳಿಜಾರಿಗೆ ಅಡ್ಡಡ್ಡ ಏರಿ ಹಾಕಿ ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿದರೆ ಕೋಡಿ ಬಿದ್ದು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗಬೇಕು. ಯಾವ ಕೆರೆ ಎಷ್ಟು ತುಂಬಿದೆ, ತೂಬು ಯಾವಾಗ ಎತ್ತಬೇಕು ಅಂತ ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ.

ಕೆರೆಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಕೆರೆಯಿಂದ ಕೆರೆಗೆ ಹೋಗುವ ದಾರಿಯ ಬಗ್ಗೆ ಮಾತು ಕಮ್ಮಿ. 2021ರಲ್ಲೇ ಬಂದ ಸಿಎಜಿ (ಸರ್ಕಾರದ ಲೆಕ್ಕ ಪರಿಶೋಧಕರು) ವರದಿಯ ಒಂದು ಲೆಕ್ಕ ನೋಡಿ. 1900ರ ದಶಕದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ 113.24 ಕಿ.ಮೀ. ಇದ್ದ ಕಾಲುವೆ 2016-17ಕ್ಕೆ 62.84 ಕಿ.ಮೀ.ಗೆ ಇಳಿದಿತ್ತು. ವೃಷಭಾವತಿ ಕಣಿವೆಯಲ್ಲಿ 226.29 ಇದ್ದದ್ದು 111.72 ಆಗಿತ್ತು. ನಮ್ಮದು ಆ ಕಣಿವೆಗಳಲ್ಲ, ಆದರೆ ನಮ್ಮ ಬೀದಿಯ ಕಥೆಯೂ ಅದೇ. ಕಾಲುವೆ ಒಂದು ಕಡೆ ಅಗಲ, ಇನ್ನೊಂದು ಕಡೆ ಎರಡು ಕಾಂಪೌಂಡ್ ಗೋಡೆಗಳ ನಡುವೆ ಸಿಕ್ಕಿಕೊಂಡ ಚರಂಡಿ.

ಇನ್ನೊಂದು ಲೆಕ್ಕ ನಾನೇ ಮಾಡಿದ್ದು. 100 ಮಿ.ಮೀ. ಮಳೆ ಬಂದರೆ ಒಂದು 30×40 ಸೈಟಿನ ಮೇಲೆ ಬೀಳುವ ನೀರು ಸುಮಾರು 11,000 ಲೀಟರ್. ಹತ್ತಿರ ಹತ್ತಿರ ಎರಡು ಟ್ಯಾಂಕರ್ ನೀರು. ಹಿಂದೆ ಇದರಲ್ಲಿ ಬೇಕಾದಷ್ಟನ್ನು ಮಣ್ಣು ಕುಡಿಯುತ್ತಿತ್ತು. ಈಗ ಅಂಗಳಕ್ಕೂ ಟೈಲ್ಸ್, ರಸ್ತೆಗೂ ಕಾಂಕ್ರೀಟ್. ಪ್ರತಿ ಮನೆಯೂ ಎರಡು ಟ್ಯಾಂಕರ್ ನೀರನ್ನು ಒಂದೇ ಸಲ ಕಾಲುವೆಗೆ ಸುರಿದ ಹಾಗೆ ಆಗುತ್ತದೆ.

ಆ ರಾತ್ರಿ

ಅದು ಹಿಂಗಾರಿನ ಕೊನೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ 19ರಂದು ಚೆನ್ನೈ ಮತ್ತು ಪುದುಚೇರಿ ನಡುವೆ ದಡ ದಾಟಿತ್ತು. ಅದಕ್ಕೂ ಮೊದಲೇ ಮಳೆ ಹಿಡಿದು ಕೂತಿತ್ತು. ಹಗಲಲ್ಲೂ ಸ್ವೆಟರ್, ಒಣಗದ ಬಟ್ಟೆ, ಗೋಡೆಯಲ್ಲಿ ತೇವ. "ಅನುರಾಧ ಮಳೆ ಹಿಂಗೆ ಹುಯ್ಯೋದು ನಾನು ಕಂಡಿಲ್ಲ" ಅಂತ ನಮ್ಮ ಅತ್ತೆ ಎರಡು ದಿನದಿಂದ ಹೇಳುತ್ತಲೇ ಇದ್ದರು.

ಮೊದಲು ಎಚ್ಚರ ಆಗಿದ್ದು ಅವರಿಗೇ. ಬಚ್ಚಲಲ್ಲಿ ಗುಳುಗುಳು ಸದ್ದು. ನಲ್ಲಿ ಬಿಟ್ಟು ಮಲಗಿದ್ದೀವಿ ಅಂದುಕೊಂಡು ಎದ್ದು ಹೋದರೆ, ನೆಲದ ಜಾಲರಿಯಿಂದ ಕಪ್ಪು ನೀರು ಉಕ್ಕುತ್ತಿದೆ. ಅವರು ಕರೆದಾಗ ನಾನು ಚಪ್ಪಲಿ ಹುಡುಕಿದೆ. ಚಪ್ಪಲಿ ತೇಲುತ್ತಿತ್ತು. ಮುಂಬಾಗಿಲಲ್ಲಿ ಮರಳು ಚೀಲ ಇಟ್ಟ ಹಾಗೇ ಇತ್ತು. ಅದರ ಆಚೆ ಬೀದಿಯಲ್ಲಿ ಇನ್ನೂ ಪಾದ ಮುಳುಗುವಷ್ಟು ನೀರು ಮಾತ್ರ. ನೀರು ಹಿಂದಿನಿಂದ, ಕೆಳಗಿನಿಂದ ಬಂದಿತ್ತು.

ಕಾಲುವೆ ಅಂಚಿನವರೆಗೆ ತುಂಬಿದರೆ ಬೀದಿ ಚರಂಡಿಯ ನೀರಿಗೂ ಒಳಚರಂಡಿಯ ನೀರಿಗೂ ಹೋಗಲು ಜಾಗ ಇರುವುದಿಲ್ಲ. ಎಲ್ಲ ಹಿಂದಕ್ಕೆ ಒತ್ತುತ್ತದೆ. ಮನೆಯಲ್ಲಿ ಎಲ್ಲಕ್ಕಿಂತ ತಗ್ಗಿನ ತೂತು ಯಾವುದು? ಬಚ್ಚಲ ಜಾಲರಿ. ನೀರು ಅಲ್ಲಿಂದಲೇ ಎದ್ದು ಬರುತ್ತದೆ. ಇದು ಗೊತ್ತಿಲ್ಲದೆ ನಾವು ಬಾಗಿಲು ಕಾಯುತ್ತಾ ಕೂತಿದ್ದೆವು.

ಅತ್ತೆ ತಡಮಾಡಲಿಲ್ಲ. ಗೋಣಿಚೀಲ ನೆನೆಸಿ, ಮಡಚಿ, ಜಾಲರಿಗೆ ತುರುಕಿದರು. ಮೇಲೆ ರುಬ್ಬೋ ಗುಂಡು ಹೇರಿದರು. ಉಕ್ಕೋದು ಒಂದು ಸಣ್ಣ ಊಟೆಯಷ್ಟಕ್ಕೆ ಇಳಿಯಿತು. ಆ ಗುಂಡಿನಿಂದ ನಮಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ. ಅಷ್ಟರಲ್ಲಿ ಮೇನ್ ಸ್ವಿಚ್ ಆಫ್ ಮಾಡಿದೆವು, ಮಾತ್ರೆ ಡಬ್ಬಿ, ಮನೆಪತ್ರ, ಮಕ್ಕಳ ಪುಸ್ತಕ ಮೇಲಿನ ಮನೆಗೆ ಸಾಗಿಸಿದೆವು. ಆಮೇಲೆ ಬೀದಿ ನೀರೂ ಬಂತು. ಮರಳು ಚೀಲದ ಮೇಲೆ ಹತ್ತಿ ಒಳಗೆ ಇಳಿಯಿತು. ಬೆಳಿಗ್ಗೆ ಐದಕ್ಕೆ ಮೊಣಕಾಲಿನ ಮೇಲಕ್ಕಿತ್ತು.

ಆ ರಾತ್ರಿ ನಮಗಿಂತ ಕಷ್ಟ ಪಟ್ಟವರು ಬಹಳ. ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನಲ್ಲಿ 603 ಮನೆಗಳು. ಅಲ್ಲಿಂದ ಜನರನ್ನು ದೋಣಿಯಲ್ಲಿ ಕರೆದುಕೊಂಡು ಬಂದರು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರಯೋಗಾಲಯಗಳಿಗೂ ನೀರು ನುಗ್ಗಿತ್ತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬಂದು ನೋಡಿ, ರಾಜಕಾಲುವೆ ಅಗಲ ಮಾಡುವುದಾಗಿ ಹೇಳಿದರು.

ನಮ್ಮ ಬೀದಿಗೆ ದೋಣಿ ಬರಲಿಲ್ಲ. ಬರಬೇಕಾದಷ್ಟು ನೀರೂ ಇರಲಿಲ್ಲ, ಅದು ನಿಜ. ಇಂಥ ನೀರಿಗೆ ಯಾರೂ ಬರುವುದಿಲ್ಲ. ಮೊಣಕಾಲುದ್ದ ನೀರಿನಲ್ಲಿ ಪ್ರಾಣ ಹೋಗಲ್ಲ ಅಂತ ಎಲ್ಲರ ಲೆಕ್ಕ. ಕರೆಂಟ್ ಇದ್ದರೆ ಮೊಣಕಾಲುದ್ದವೂ ಸಾಕು. ನಮ್ಮ ಬೀದಿಯ ಹೆಚ್ಚಿನ ಮನೆಗಳಲ್ಲಿ ಮೀಟರ್ ಬೋರ್ಡ್ ಇದ್ದದ್ದು ಗೇಟಿನ ಪಕ್ಕ, ಸೊಂಟದ ಮಟ್ಟಕ್ಕೆ. ಯಾರೋ ಕರೆಂಟಿನ ಸಹಾಯವಾಣಿ 1912ಕ್ಕೆ ಫೋನ್ ಹಚ್ಚಿ, ಸಿಗುವವರೆಗೂ ಬಿಡದೆ, ಇಡೀ ಬೀದಿಯ ಲೈನ್ ತೆಗೆಸಿದರು. ಆ ರಾತ್ರಿ ನಮ್ಮ ಬೀದಿಯಲ್ಲಿ ಆದ ಕೆಲಸಗಳಲ್ಲಿ ಅತಿ ಮುಖ್ಯವಾದದ್ದು ಅದೇ ಅಂತ ನನಗೆ ಈಗಲೂ ಅನಿಸುತ್ತದೆ.

ಹೂವಿನ ಅಕ್ಕ ಹೇಳಿದ್ದು

ನೀರು ಇಳಿದ ಮೇಲಿನ ವಾರವನ್ನು ಬೇಗ ಹೇಳಿ ಮುಗಿಸುತ್ತೇನೆ. ಕೆಸರು, ವಾಸನೆ, ಫೋಟೊ ಹಚ್ಚಿದ ಪರಿಹಾರದ ಅರ್ಜಿ. ನೆಲದಡಿಯ ನೀರಿನ ಸಂಪಿನೊಳಗೆ ಚರಂಡಿ ನೀರು ಸೇರಿತ್ತು. ಎರಡು ಸಲ ಖಾಲಿ ಮಾಡಿ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ತೊಳೆದೆವು. ಕಾಲಲ್ಲಿ ಗಾಯ ಇದ್ದವರು ನೀರಿಗೆ ಇಳೀಬೇಡಿ, ಇಲಿಜ್ವರ ಬರುತ್ತೆ ಅಂತ ಡಾಕ್ಟರು ಹೇಳಿದರು. ಅಷ್ಟರಲ್ಲಿ ಎಲ್ಲರೂ ಇಳಿದಾಗಿತ್ತು. ನೀರಲ್ಲಿ ನಿಂತಿದ್ದ ಸ್ಕೂಟರನ್ನು ಮೆಕ್ಯಾನಿಕ್‌ಗೆ ತೋರಿಸದೆ ಸ್ಟಾರ್ಟ್ ಮಾಡಲು ಹೋಗಿ ಇಬ್ಬರು ಎಂಜಿನ್ ಕೆಡಿಸಿಕೊಂಡರು. ಎದುರು ಮನೆಯವರು ಊರಿಂದ ತಂದಿದ್ದ ರಾಗಿ ಮೂಟೆ ನೆಂದಿತ್ತು. ಎತ್ತಿ ಹಾಕಲು ಮನಸ್ಸು ಬರದೆ ಮೂಲೆಯಲ್ಲೇ ಬಿಟ್ಟಿದ್ದರು. ಮೂರನೇ ದಿನ ನೋಡಿದರೆ ಚೀಲದ ಹೊಲಿಗೆಯಿಂದ ಬಿಳಿ ಮೊಳಕೆ ಹೊರಗೆ ಬಂದಿತ್ತು. ಆ ಮನೆಯ ಯಜಮಾನರು ಅದನ್ನು ಮುಟ್ಟಿ ನೋಡಿ, ಏನೂ ಮಾತಾಡದೆ ಒಳಗೆ ಹೋದರು.

ಆ ವಾರದ ಕೊನೆಗೆ, ಕಾರ್ತಿಕದ ಪೂಜೆಗೆ ಹೂವು ತರಲು ಮೇಲಿನ ಕೆರೆಯ ಏರಿ ಹತ್ತಿರ ಹೋಗಿದ್ದೆ. ಅಲ್ಲಿ ಹೂವು ಮಾರುವ ಅಕ್ಕ ನನಗೆ ಬಹಳ ವರ್ಷದ ಪರಿಚಯ. ಮನೆಗೆ ನೀರು ಬಂದಿದ್ದನ್ನು ಹೇಳಿದೆ. ಅವರು ದಾರ ಎಳೆಯುವುದನ್ನು ನಿಲ್ಲಿಸಿ ಕೇಳಿದರು: "ಕೆರೆ ತುಂಬಿ ಕೋಡಿ ಬಿದ್ದು ನಾಕು ದಿನ ಆಗಿತ್ತಲ್ಲಕ್ಕ. ನಿಮಗೆ ಯಾರೂ ಹೇಳ್ಲಿಲ್ವಾ?"

ಯಾರೂ ಹೇಳಿರಲಿಲ್ಲ. ನಾವೂ ಯಾರನ್ನೂ ಕೇಳಿರಲಿಲ್ಲ. ನಮ್ಮ ಬೀದಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದವರಿಗೂ ಪಕ್ಕದ ಕಾಲುವೆಯಲ್ಲಿ ಹರಿಯೋದು ಯಾವ ಕೆರೆಯ ನೀರು ಅಂತ ಗೊತ್ತಿರಲಿಲ್ಲ. ಅದನ್ನು ನಾವೆಲ್ಲ "ಮೋರಿ" ಅಂತಲೇ ಕರೆಯುತ್ತಿದ್ದೆವು.

ಹೂವಿನ ಅಕ್ಕನ ಮಾವ ನೀರುಗಂಟಿ ಕೆಲಸ ಮಾಡಿದವರು. ಅಕ್ಕನಿಗೆ ಕೆರೆ ನೋಡುವುದು ಅಭ್ಯಾಸ. ಅವರು ಹೇಳಿದ್ದನ್ನು ನಾನು ಮನೆಗೆ ಬಂದು ಬರೆದಿಟ್ಟುಕೊಂಡೆ: "ಖಾಲಿ ಕೆರೆ ಆದ್ರೆ ಎಷ್ಟು ಮಳೆ ಬಂದ್ರೂ ನುಂಗ್ತದೆ. ತುಂಬಿದ ಕೆರೆ ಒಂದು ಚೆಂಬನ್ನೂ ಇಟ್ಕೊಳಲ್ಲ, ಬಂದಿದ್ದೆಲ್ಲ ನಿಮ್ಮ ಕಡೆಗೇ."

ನಮಗೆ ಮುಖ್ಯವಾಗಿ ಬೇಕಾಗಿದ್ದು ಇದೇ ಸುದ್ದಿ. ಮಳೆಯ ಸುದ್ದಿಗೆ ಕೊರತೆ ಇಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇರುವುದು ಯಲಹಂಕದಲ್ಲೇ. ಅವರ ಮೇಘ ಸಂದೇಶ ಆ್ಯಪ್ 2020ರಿಂದ ಇದೆ. ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್‌ಗಳನ್ನೂ ಹಾಕಿದ್ದಾರೆ. ಒಳ್ಳೆಯ ಕೆಲಸ, ನಾನು ದಿನಾ ನೋಡುತ್ತೇನೆ. ಆದರೆ ನಮ್ಮ ಬೀದಿಯ ನೀರು ಆಕಾಶದಿಂದ ಬರುವುದಕ್ಕಿಂತ ಜಾಸ್ತಿ ಕೋಡಿಯಿಂದ ಬರುತ್ತದೆ. ಕೋಡಿಯನ್ನು ಕಣ್ಣಲ್ಲಿ ನೋಡಿ ಫೋನ್ ಮಾಡುವ ಒಬ್ಬ ಮನುಷ್ಯ ಬೇಕಿತ್ತು.

ಗೇಣಿನ ಲೆಕ್ಕ

ನೀರು ಬರಲು ಎಷ್ಟು ಹೊತ್ತು ಬೇಕು ಅಂತ ಮೊದಲು ತಿಳಿಯಬೇಕಿತ್ತು. ಅದಕ್ಕೆ ದಾರಿ ತೋರಿಸಿದ್ದೂ ಹೂವಿನ ಅಕ್ಕನೇ. 2022ರ ಮಳೆಗಾಲದಲ್ಲಿ ಕೋಡಿ ಹರಿಯುತ್ತಿದ್ದಾಗ, ಮಾರಿ ಉಳಿದ ಅರ್ಧ ಬುಟ್ಟಿ ಚೆಂಡು ಹೂವನ್ನು ಒಂದು ಬೆಳಿಗ್ಗೆ ಕೋಡಿಗೆ ಸುರಿದು ನನಗೆ ಫೋನ್ ಮಾಡಿದರು. ನಾನು, ಎದುರು ಮನೆ ಯಜಮಾನರು, ನಾಲ್ಕು ಮಕ್ಕಳು ಮೋರಿ ಹತ್ತಿರ ಕಾದು ನಿಂತೆವು. ಮೊದಲ ಹೂವು ಕಂಡಾಗ ಸುಮಾರು ಮುಕ್ಕಾಲು ಗಂಟೆ ಕಳೆದಿತ್ತು. ಬುಟ್ಟಿಯಲ್ಲಿ ನಮ್ಮವರೆಗೆ ಬಂದಿದ್ದು ಏಳೆಂಟೇ ಹೂವು. ಉಳಿದವು ಎಲ್ಲಿ ಸಿಕ್ಕಿಕೊಂಡವು ಅಂತ ಮಕ್ಕಳು ಕಾಲುವೆ ಪಕ್ಕ ನಡೆದು ನೋಡಿಕೊಂಡು ಬಂದರು. ಒಂದು ಕಡೆ ಕಟ್ಟಡದ ಅವಶೇಷ, ಇನ್ನೊಂದು ಕಡೆ ಹಳೇ ಹಾಸಿಗೆ. ಕಾಲುವೆ ಕಟ್ಟಿಕೊಂಡಿರುವ ಜಾಗಗಳ ಪಟ್ಟಿ ನಮಗೆ ಹೀಗೆ ಸಿಕ್ಕಿತು. ಆ ಪಟ್ಟಿ ಹಿಡಿದು ಒಂದು ಕಚೇರಿಗೆ ನಾಲ್ಕು ಸಲ ಹೋದೆವು. ಎರಡು ಕಡೆ ಹೂಳು ತೆಗೆದರು, ಎರಡು ಕಡೆ ಇನ್ನೂ ಹಾಗೇ ಇದೆ.

ಆಮೇಲೆ ಅಕ್ಕನ ಮಗ ಕೋಡಿ ಪಕ್ಕದ ಕಲ್ಲಿಗೆ ಬಿಳಿ ಬಣ್ಣದಲ್ಲಿ ಗೇಣು ಗೇಣಿಗೆ ಗೆರೆ ಹಾಕಿದ. ಏರಿ ಮೇಲೆ ನಿಂತು ಟಾರ್ಚ್ ಬಿಟ್ಟರೆ ಕಾಣುತ್ತದೆ, ನೀರಿನ ಹತ್ತಿರ ಇಳಿಯಬೇಕಾಗಿಲ್ಲ. ಒಂದು ಗೇಣು ಹರಿದರೆ ಗಾಡಿಗಳನ್ನು ಮೇಲಿನ ರಸ್ತೆಗೆ ತರುವುದು. ಎರಡು ಗೇಣು ಬಂದರೆ ಬಚ್ಚಲು ಮುಚ್ಚಿ, ಮೇನ್ ಆಫ್ ಮಾಡಿ, ಕೆಳಗಿನ ಮನೆಯವರು ಮೇಲಿನ ಮನೆಗೆ ಹೋಗುವುದು. ಪ್ರತಿ ಕೆಳಗಿನ ಮನೆಗೂ ಒಂದು ಮೇಲಿನ ಮನೆ ಜೋಡಿ. ಬಾಡಿಗೆಯವರು, ಮಾಲೀಕರು ಅಂತ ಭೇದ ಇಲ್ಲ.

ಮನೆಗಳಲ್ಲೂ ಒಂದಷ್ಟು ಬದಲಾಯಿತು. ಮೀಟರ್ ಬೋರ್ಡುಗಳು ತಲೆ ಮಟ್ಟಕ್ಕೆ ಹೋದವು. ಸಂಪಿನ ಬಾಯಿಗೆ ಎರಡು ವರಸೆ ಇಟ್ಟಿಗೆ ಏರಿತು. ಪ್ಲಂಬರ್ ಬಂದು ಚೇಂಬರಿನಲ್ಲಿ ನೀರು ವಾಪಸ್ ಬರದ ಹಾಗೆ ಎನ್‌ಆರ್‌ವಿ ವಾಲ್ವ್ ಕೂರಿಸಿದ. ಇದರಲ್ಲಿ ಒಂದು ಸಂಗತಿ ನಮಗೆ ಪೆಟ್ಟು ತಿಂದೇ ಗೊತ್ತಾಯಿತು. ವಾಲ್ವ್ ಮುಚ್ಚಿಕೊಂಡಾಗ ಹೊರಗಿನ ನೀರು ಒಳಗೆ ಬರಲ್ಲ ಸರಿ, ಆದರೆ ಮೇಲಿನ ಮನೆಯವರು ಬಿಟ್ಟ ನೀರೂ ಹೊರಗೆ ಹೋಗಲ್ಲ. ಅದು ಕೆಳಗಿನ ಮನೆಯ ಬಚ್ಚಲಲ್ಲಿ ಎದ್ದು ಬರುತ್ತದೆ. ಹಾಗಾಗಿ ಎರಡು ಗೇಣಿನ ಸುದ್ದಿ ಬಂದರೆ ಮೇಲಿನವರು ನಲ್ಲಿ ಬಿಡುವ ಹಾಗಿಲ್ಲ, ಫ್ಲಶ್ ಮಾಡುವ ಹಾಗಿಲ್ಲ. ಈ ಒಂದು ವಿಷಯಕ್ಕೆ ನಡೆದಷ್ಟು ಜಗಳ ಬೇರೆ ಯಾವುದಕ್ಕೂ ನಡೆಯಲಿಲ್ಲ. ವಾಲ್ವ್ ಹಾಕಿಸುವವರು ದಯವಿಟ್ಟು ಮೊದಲೇ ಮೇಲಿನ ಮನೆಯವರ ಹತ್ತಿರ ಮಾತಾಡಿಕೊಳ್ಳಿ.

2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರದ ಕಡೆ ಬಡಾವಣೆಗಳು ಮುಳುಗಿ ಜನ ಟ್ರ್ಯಾಕ್ಟರ್ ಹತ್ತಿ ಓಡಾಡಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಆ ಸಲ ನಮ್ಮಲ್ಲಿ ಒಂದು ಗೇಣು ದಾಟಲಿಲ್ಲ.

2024ರ ಅಕ್ಟೋಬರ್

ಅಕ್ಟೋಬರ್ 21, ಸೋಮವಾರ. ಚಿತ್ತಾ ಮಳೆ. ರಾತ್ರಿ ಫೋನ್ ಬಂತು: "ಅಕ್ಕ, ಒಂದು ಗೇಣು." ಒಂದು ಗಂಟೆಯೊಳಗೆ ಮತ್ತೆ ಫೋನ್: "ಎರಡು ಗೇಣು. ನಿಲ್ಲೋ ಹಂಗೆ ಕಾಣ್ತಿಲ್ಲ."

ನಮ್ಮ ಬೀದಿ ಹೇಳಿದ ಹಾಗೆ ನಡೆದುಕೊಂಡಿತು. ಗಾಡಿಗಳು ಮೇಲಿನ ರಸ್ತೆಗೆ ಹೋದವು. ಅಕ್ಕಿ, ರಾಗಿ, ಗ್ಯಾಸ್ ಸಿಲಿಂಡರ್ ಮೆಟ್ಟಿಲು ಹತ್ತಿದವು. ಅತ್ತೆ ಈ ಸಲ ಆರಾಮಾಗಿ ಮೇಲಿನ ಮನೆಯಲ್ಲಿ ಕೂತು ಕಾಫಿ ಕುಡಿದರು, ಲೋಟ ತೊಳೆಯದೆ ಹಾಗೇ ಇಟ್ಟರು. ನೀರು ಮನೆಯೊಳಗೆ ಬಂತು, 2021ರ ಗುರುತಿಗೆ ನಾಲ್ಕು ಬೆರಳು ಕಡಿಮೆ. ಆದರೆ ಒದ್ದೆಯಾಗಿದ್ದು ನೆಲ ಮತ್ತು ಗೋಡೆ ಮಾತ್ರ. ಕೇಂದ್ರೀಯ ವಿಹಾರಕ್ಕೆ ಈ ಸಲವೂ ದೋಣಿ ಬಂತು.

ನಾವು ಮೆಟ್ಟಿಲ ಮೇಲೆ ನಿಂತು, "ಈ ಸಲ ಗೆದ್ದೆವು ಅಲ್ವಾ" ಅಂತ ಮಾತಾಡುತ್ತಿದ್ದಾಗ ಮೋರಿ ಕಡೆಯಿಂದ ಕೂಗು ಕೇಳಿಸಿತು.

ಶೆಡ್ಡುಗಳು. ಅಲ್ಲಿ ಕಲಬುರಗಿ, ಯಾದಗಿರಿ ಕಡೆಯಿಂದ ಬಂದ ಕುಟುಂಬಗಳಿದ್ದವು. ಅವರಿಗೆ ಯಾರೂ ಹೇಳಿರಲಿಲ್ಲ. ಸುದ್ದಿ ಹೋಗಿದ್ದು ವಾಟ್ಸಾಪ್ ಗುಂಪಿಗೆ. ಆ ಗುಂಪಿನಲ್ಲಿ ಇದ್ದವರು ನಮ್ಮ ಬೀದಿಯ ಮನೆಯವರು ಮಾತ್ರ. ಮೇಲಿನ ಮನೆ, ಕೆಳಗಿನ ಮನೆ ಅಂತ ಜೋಡಿ ಮಾಡಿದಾಗ ಮನೆಯೇ ಇಲ್ಲದವರು ನಮ್ಮ ಲೆಕ್ಕದಲ್ಲಿ ಬರಲೇ ಇಲ್ಲ. ಮೂರು ವರ್ಷ ವಾರಕ್ಕೊಂದು ಸಲ ಆ ಮೋರಿ ಹತ್ತಿರ ನಿಂತು ಮಾತಾಡಿದ್ದೇವೆ. ಶೆಡ್ಡು ಅಲ್ಲಿಂದ ಐವತ್ತು ಹೆಜ್ಜೆ. ಇದು ಬೇರೆ ಯಾರ ತಪ್ಪೂ ಅಲ್ಲ, ನಮ್ಮದೇ.

ನಮ್ಮ ಹುಡುಗರು ಓಡಿದರು. ಅಲ್ಲಿ ಆಗಲೇ ಸೊಂಟದವರೆಗೆ ನೀರು. ಒಬ್ಬ ಅಪ್ಪ ತನ್ನ ಮಗುವನ್ನು ಸಿಮೆಂಟ್ ಕಲಸುವ ಬಾಂಡ್ಲಿಯಲ್ಲಿ ಕೂರಿಸಿ, ತಲೆ ಮೇಲೆ ಹೊತ್ತುಕೊಂಡು ಬಂದ. ಎಲ್ಲರೂ ಉಳಿದರು. ಜೋಳದ ಚೀಲ, ಹೊದಿಕೆ, ತಗಡಿನ ಡಬ್ಬಿಯಲ್ಲಿ ಇಟ್ಟಿದ್ದ ಕೂಲಿ ದುಡ್ಡು ಹೋಯಿತು. ನಮ್ಮ ಮೆಟ್ಟಿಲ ಮೇಲೆ ನಡುಗುತ್ತಾ ಕೂತ ಒಬ್ಬ ಹೆಂಗಸು ಟವೆಲ್ ಕೈಗೆ ತಗೊಂಡು ಕೇಳಿದಳು: "ನಿಮಗ ಮೊದ್ಲೇ ಗೊತ್ತಿತ್ತೇನ್ರಿ?"

ಗೊತ್ತಿತ್ತು ಅಂತ ನಾನು ಹೇಳಿದೆ.

ಕಬ್ಬಿಣದ ತುಂಡು

ಆಮೇಲೆ ನಾವು ಮಾಡಿದ್ದು ಇಷ್ಟು. ಮೋರಿ ಹತ್ತಿರದ ಕಂಬಕ್ಕೆ, ಹಳ್ಳಿ ಶಾಲೆಯ ಗಂಟೆ ಥರ, ಒಂದು ಕಬ್ಬಿಣದ ಕಂಬಿ ತುಂಡು ನೇತು ಹಾಕಿದೆವು. ಫೋನ್ ಇರಲಿ ಇಲ್ಲದಿರಲಿ, ಚಾರ್ಜ್ ಇರಲಿ ಇಲ್ಲದಿರಲಿ, ಎಲ್ಲರಿಗೂ ಕೇಳಿಸಬೇಕು. ಒಂದು ಗೇಣಿಗೆ ಬಿಟ್ಟು ಬಿಟ್ಟು, ಎರಡು ಗೇಣಿಗೆ ಬಿಡದೆ. ಶೆಡ್ಡಿನವರು ಬದಲಾಗುತ್ತಿರುತ್ತಾರೆ, ಒಂದು ಕೆಲಸ ಮುಗಿದರೆ ಇನ್ನೊಂದು ಕಡೆ ಹೋಗುತ್ತಾರೆ. ಹಾಗಾಗಿ ಪ್ರತಿ ಅಮಾವಾಸ್ಯೆಗೆ ಒಬ್ಬರು ಹೋಗಿ ಹೊಸಬರಿಗೆ ಗಂಟೆಯ ವಿಷಯ ಹೇಳಿ, ಯಾವ ಮೆಟ್ಟಿಲು ಅವರದ್ದು ಅಂತ ತೋರಿಸಿ ಬರಬೇಕು. ಹೂವಿನ ಅಕ್ಕ ಒಬ್ಬರ ಮೇಲೇ ಎಲ್ಲ ಭಾರ ಬೇಡ ಅಂತ, ಏರಿ ಪಕ್ಕದ ಒಬ್ಬ ಆಟೋ ಡ್ರೈವರ್ ಕೂಡ ಕೋಡಿ ನೋಡುತ್ತಾರೆ.

2025ರ ಮೇ 18ರ ರಾತ್ರಿ ಮತ್ತೆ ಜೋರು ಮಳೆ. ಅದೇ ರಾತ್ರಿ ಹೊರಮಾವು ಕಡೆಯ ಸಾಯಿ ಲೇಔಟ್ ಮುಳುಗಿತು. ನಮ್ಮ ಕೆರೆ ಬೇಸಿಗೆಯಲ್ಲೂ ಅಂಚಿನ ಹತ್ತಿರವೇ ಇತ್ತು. ನಡುರಾತ್ರಿ ಅಕ್ಕನ ಫೋನ್ ಬಂತು, ಒಂದು ಗೇಣು. ಎದುರು ಮನೆ ಯಜಮಾನರು ಹೋಗಿ ಕಂಬಿ ಬಾರಿಸಿದರು. ಹತ್ತು ನಿಮಿಷಕ್ಕೆ ಶೆಡ್ಡಿನವರು ಮಕ್ಕಳನ್ನು ಎತ್ತಿಕೊಂಡು, ಗಂಟು ಹೊತ್ತುಕೊಂಡು ಮೆಟ್ಟಿಲಿಗೆ ಬಂದರು. ಹೋದ ವರ್ಷ ಪ್ರಶ್ನೆ ಕೇಳಿದ್ದ ಹೆಂಗಸೂ ಇದ್ದಳು, ಮಡಿಲಲ್ಲಿ ಹಿಟ್ಟಿನ ಡಬ್ಬಿ.

ನಾಲ್ಕೂವರೆಗೆ ಫೋನ್ ಬಂದಾಗ ಅವಳು ಕೈ ಚಾಚಿದಳು. ಕೊಟ್ಟೆ. "ಖರೇನೇ ಇಳ್ಯಾಕತ್ತದೇನ್ರಿ ಅಕ್ಕಾ?" ಅಂತ ಅವಳೇ ಕೇಳಿದಳು. ಆ ಕಡೆಯ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಫೋನ್ ವಾಪಸ್ ಕೊಟ್ಟು, ನನ್ನ ಟಾರ್ಚ್ ತಗೊಂಡು ಮೋರಿವರೆಗೆ ನಡೆದು ಹೋಗಿ ನೀರು ನೋಡಿದಳು. ಆಮೇಲೆ ಬಂದು ಮಕ್ಕಳನ್ನು ಎಬ್ಬಿಸಿದಳು.